ದೊಡ್ಡ ಅಳತೆಯ ಅಪರೂಪದ ಎಲೆಕ್ಟ್ರಿಕ್ ಎಂಜಿನ್ ಮಾಡೆಲ್‌ಗಳು: ಕಾಸರಗೋಡಿನ ಸಂಗ್ರಹಕಾರರಿಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕುಂಬಳೆ, ಬದಿಯಡ್ಕ, ಮಂಜೇಶ್ವರ, ಕೆಲವೊಮ್ಮೆ ಮಂಗಳೂರಿನಿಂದಲೂ ಜನ ಫೋನ್ ಮಾಡುತ್ತಾರೆ. ಅಟ್ಟದ ಪೆಟ್ಟಿಗೆಯಲ್ಲಿ ಹಳೆಯ ರೈಲು ಸಿಕ್ಕಿದವರು, ದುಬೈಯಿಂದ ಅಳಿಯ ತಂದುಕೊಟ್ಟ ಎಂಜಿನ್ ಏನು ಮಾಡುವುದೆಂದು ತಿಳಿಯದವರು, ಹೊಸದಾಗಿ ಸಂಗ್ರಹ ಶುರು ಮಾಡಬೇಕೆಂದಿರುವವರು. ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಒಂದೇ. ಕನ್ನಡದಲ್ಲಿ ಈ ವಿಷಯ ಓದಲು ಸಿಗುವುದು ಕಡಿಮೆ. ಜರ್ಮನಿ, ಇಂಗ್ಲೆಂಡಿನವರು ಬರೆದ ಸಲಹೆ ನಮ್ಮ ಕರಾವಳಿಯ ಮಳೆಗೆ ಹೊಂದುವುದೂ ಇಲ್ಲ. ಆದ್ದರಿಂದ ಉತ್ತರಗಳನ್ನು ಒಂದೇ ಕಡೆ ಬರೆದಿಟ್ಟಿದ್ದೇನೆ.

ಒಂದು ಮಾತು ಮೊದಲೇ ಹೇಳುತ್ತೇನೆ. ನಮ್ಮ ಊರಲ್ಲಿ ಎಂಜಿನ್ ಕೊಳ್ಳುವುದು ಸಣ್ಣ ಕೆಲಸ. ಅದು ಬಂದ ಹಾಗೇ ಉಳಿಯುವಂತೆ ನೋಡಿಕೊಳ್ಳುವುದು ದೊಡ್ಡ ಕೆಲಸ. ಮಳೆಗಾಲದ ಪ್ರಶ್ನೆಗೆ ಉತ್ತರ ಉದ್ದ ಇರುವುದು ಅದಕ್ಕೇ.

ದೊಡ್ಡ ಅಳತೆ ಎಂದರೆ ಎಷ್ಟು ದೊಡ್ಡದು?

ಅಂಗಡಿಗಳಲ್ಲಿ ಸಾಮಾನ್ಯವಾಗಿ ಕಾಣುವುದು ಎಚ್‌ಒ ಅಳತೆ. ಅದು ಅಸಲಿ ರೈಲಿನ 87ನೇ ಒಂದು ಪಾಲು. ಅದಕ್ಕಿಂತ ದೊಡ್ಡವು ನಮ್ಮ ವಿಷಯ.

ಒ ಗೇಜ್‌ನಲ್ಲಿ ಹಳಿಗಳ ನಡುವೆ 32 ಮಿ.ಮೀ. ಅಂತರ. ಆದರೆ ಮಾಡೆಲ್ ಬ್ರಿಟನ್ನಿನದ್ದಾದರೆ 1:43.5, ಯುರೋಪಿನದ್ದಾದರೆ ಸಾಮಾನ್ಯವಾಗಿ 1:45, ಅಮೆರಿಕದ್ದಾದರೆ 1:48. ಗೇಜ್ 1 ಅಂದರೆ 45 ಮಿ.ಮೀ. ಹಳಿ, 1:32 ಅಳತೆ. ಜಿ ಎನ್ನುವುದಕ್ಕೂ ಅದೇ 45 ಮಿ.ಮೀ. ಹಳಿ. ಆದರೆ ಅದು ಮೀಟರ್ ಗೇಜ್ ರೈಲಿನ 1:22.5 ರೂಪ. ಹಾಗಾಗಿ ಎಂಜಿನ್ ಇನ್ನೂ ದಪ್ಪ ಕಾಣುತ್ತದೆ. ಅಮೆರಿಕದ ಲಯನೆಲ್ ಕಂಪನಿ 1906ರಲ್ಲಿ ತಂದ ಸ್ಟ್ಯಾಂಡರ್ಡ್ ಗೇಜ್ ಇವಕ್ಕಿಂತಲೂ ಅಗಲ, ಸುಮಾರು 54 ಮಿ.ಮೀ.

ಕಾಸರಗೋಡು ಸ್ಟೇಷನ್ನಿನಲ್ಲಿ ನೋಡುವ ಡಬ್ಲ್ಯುಎಪಿ-7 ಎಂಜಿನ್‌ನ ಉದ್ದ 20.56 ಮೀಟರ್. ಅದು ಎಚ್‌ಒದಲ್ಲಿ 24 ಸೆಂ.ಮೀ. ಆಗುತ್ತದೆ. ಬ್ರಿಟನ್ನಿನ ಒ ಗೇಜ್‌ನಲ್ಲಿ 47, ಗೇಜ್ 1ರಲ್ಲಿ 64 ಸೆಂ.ಮೀ. ಎಂಜಿನ್ ಒಂದಕ್ಕೇ ಇಷ್ಟು ಜಾಗ ಬೇಕು. ಕಪಾಟು ಮಾಡಿಸುವ ಮೊದಲು ಈ ಲೆಕ್ಕ ಹಾಕಿಕೊಳ್ಳಿ.

ಎಲ್ಲರೂ ಸ್ಟೀಮ್ ಎಂಜಿನ್ ಹಿಂದೆ ಹೋಗುತ್ತಾರೆ. ಎಲೆಕ್ಟ್ರಿಕ್ ಯಾಕೆ?

ಹಳೆಯ ಕಾಲದ ಎಲೆಕ್ಟ್ರಿಕ್ ಮಾಡೆಲ್‌ಗಳು ನಿಜಕ್ಕೂ ಕಡಿಮೆ ಇವೆ. ಮಕ್ಕಳು ಊರಲ್ಲಿ ಕಾಣುವ ಎಂಜಿನ್ನನ್ನೇ ಕೇಳುತ್ತಿದ್ದರು, ಕಂಪನಿಗಳು ಅದನ್ನೇ ಮಾಡುತ್ತಿದ್ದವು. 1920-30ರ ಹೊತ್ತಿಗೆ ಹೆಚ್ಚಿನ ದೇಶಗಳಲ್ಲಿ ಕಾಣುತ್ತಿದ್ದದ್ದು ಹೊಗೆ ಬಂಡಿಯೇ. ತಂತಿಯ ಕೆಳಗೆ ಓಡುವ ರೈಲು ಇದ್ದದ್ದು ಕೆಲವೇ ಕಡೆ. ಸ್ವಿಟ್ಜರ್ಲೆಂಡಿನಲ್ಲಿ ಕಲ್ಲಿದ್ದಲು ಇರಲಿಲ್ಲ, ಹೊಳೆ ನೀರು ಧಾರಾಳ ಇತ್ತು. ಮೊದಲ ಮಹಾಯುದ್ಧದಲ್ಲಿ ಕಲ್ಲಿದ್ದಲಿಗೆ ತತ್ವಾರವಾದ ಮೇಲೆ ಅವರು ಆಲ್ಪ್ಸ್ ಬೆಟ್ಟ ದಾಟುವ ಗೊಟ್ಟಾರ್ಡ್ ಮಾರ್ಗಕ್ಕೆ ಬೇಗ ಬೇಗ ತಂತಿ ಎಳೆದರು. ಅಪರೂಪದ ಮಾಡೆಲ್‌ಗಳಲ್ಲಿ ಸ್ವಿಸ್ ಎಂಜಿನ್‌ಗಳು ಜಾಸ್ತಿ ಕಾಣುವುದು ಆದ್ದರಿಂದಲೇ.

ನಮ್ಮ ಹಳಿಗೆ ತಂತಿ ಬಂದದ್ದು ಮೊನ್ನೆ ಮೊನ್ನೆ ಅಲ್ವಾ? ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ. ಶೋರನೂರು-ಮಂಗಳೂರು ಮಾರ್ಗ ವಿದ್ಯುದೀಕರಣ ಆದದ್ದು 2017ರ ಸುಮಾರಿಗೆ, ಕೊಂಕಣ ರೈಲ್ವೆ ಪೂರ್ತಿ ಆದದ್ದು 2022ರಲ್ಲಿ. ಈಗಿನ ಮಕ್ಕಳಿಗೆ ರೈಲು ಎಂದರೆ ಮೇಲೆ ತಂತಿಯಿಂದ ಕರೆಂಟು ಎತ್ತುವ ಪ್ಯಾಂಟೋಗ್ರಾಫ್ ಇರುವ ಎಂಜಿನ್. ಅವರಿಗೆ ಹಳೆಯ ಎಲೆಕ್ಟ್ರಿಕ್ ಮಾಡೆಲ್ ತೋರಿಸಿದರೆ ಥಟ್ಟನೆ ಗುರುತು ಹಿಡಿಯುತ್ತಾರೆ.

ಮೊಸಳೆ, ಮೊಸಳೆ ಅಂತ ಎಲ್ಲ ಹೇಳುತ್ತಾರಲ್ಲ, ಏನದು?

ಮೊಸಳೆ ಎಂದು ಕರೆಯುವುದು ಸ್ವಿಸ್ ಫೆಡರಲ್ ರೈಲ್ವೆಯ ಸಿಇ 6/8 ಎಂಜಿನ್ನನ್ನು. ಗೊಟ್ಟಾರ್ಡ್ ಘಟ್ಟದಲ್ಲಿ ಗೂಡ್ಸ್ ಎಳೆಯಲು ಮಾಡಿದ್ದು. ಸಿಇ 6/8 II ಮಾದರಿಯ 33 ಎಂಜಿನ್‌ಗಳು 1919ರಿಂದ 1922ರ ನಡುವೆ ಬಂದವು. ಸಿಇ 6/8 III ಮಾದರಿಯ 18 ಎಂಜಿನ್‌ಗಳು 1925ರಿಂದ 1927ರ ನಡುವೆ. ಎರಡೂ ಸೇರಿ ಬರೀ 51.

ನಡುವೆ ಚಾಲಕರ ಕೋಣೆ ಇರುವ ಡಬ್ಬಿ, ಎರಡು ಕಡೆ ಉದ್ದ ಮೂತಿ. ಮೂತಿಗಳು ಬೇರೆ ಬೇರೆಯಾಗಿ ತಿರುಗುತ್ತವೆ, ಅದರಿಂದ ಘಟ್ಟದ ತಿರುವುಗಳಲ್ಲಿ ಅಷ್ಟು ಉದ್ದದ ಎಂಜಿನ್ ಸಲೀಸಾಗಿ ಹೋಗುತ್ತದೆ. ಮೋಟಾರಿನ ಶಕ್ತಿ ಚಕ್ರಗಳಿಗೆ ಬರುವುದು ಪಕ್ಕದ ರಾಡುಗಳ ಮೂಲಕ. ಒಳ್ಳೆಯ ಮಾಡೆಲ್ ಒಂದನ್ನು ತಿರುವಿನಲ್ಲಿ ನಿಧಾನ ಓಡಿಸಿ ಪಕ್ಕದಿಂದ ನೋಡಬೇಕು. ಮುಂದಿನ ಮೂತಿ ಮೊದಲು ವಾಲುತ್ತದೆ. ನಡುವಿನ ಡಬ್ಬಿ ಒಂದು ಕ್ಷಣ ತಡೆದು ಅದರ ಹಿಂದೆ ಹೋಗುತ್ತದೆ. ಅಷ್ಟು ಹೊತ್ತಿಗೆ ಹಿಂದಿನ ಮೂತಿ ಇನ್ನೂ ನೇರ ಹಳಿಯ ಮೇಲೆಯೇ ಇರುತ್ತದೆ. ಕೆಳಗೆ ರಾಡುಗಳು ಮೇಲೆ ಕೆಳಗೆ ಹೋಗುತ್ತಲೇ ಇರುತ್ತವೆ. ನನಗೆ ಎಷ್ಟು ನೋಡಿದರೂ ಸಾಕಾಗುವುದಿಲ್ಲ.

ಜರ್ಮನಿಯ ಮ್ಯಾರ್ಕ್ಲಿನ್ ಕಂಪನಿ 1930ರ ದಶಕದಲ್ಲಿ ಇದನ್ನು ಒ ಗೇಜ್ ಮತ್ತು ಗೇಜ್ 1 ಎರಡರಲ್ಲೂ ಮಾಡಿತು. ಒ ಗೇಜಿನ ನಂಬರ್ ಸಿಸಿಎಸ್ 66/12920, ಗೇಜ್ 1ರದ್ದು 66/12921. ಎರಡನೇ ಮಹಾಯುದ್ಧಕ್ಕೆ ಮೊದಲಿನ ಮಾಡೆಲ್ ರೈಲುಗಳಲ್ಲಿ ಜನ ಅತಿ ಹೆಚ್ಚು ಹುಡುಕುವ ಎಂಜಿನ್‌ಗಳಲ್ಲಿ ಇವೂ ಸೇರಿವೆ.

ಇದೇ ಮೂತಿ, ಇದೇ ರಾಡು ಇರುವ ಎಂಜಿನ್ ನಮ್ಮ ದೇಶದಲ್ಲೂ ಓಡಿತ್ತು. ಡಬ್ಲ್ಯುಸಿಜಿ-1. ಜಿಐಪಿ (ಗ್ರೇಟ್ ಇಂಡಿಯನ್ ಪೆನಿನ್ಸುಲಾ) ರೈಲ್ವೆಗೆ 1928ರಿಂದ ಬಂದದ್ದು, ಒಟ್ಟು 41. ಮುಂಬಯಿಯ ರೈಲ್ವೆ ಜನ ಇದನ್ನು ಖೇಕ್ಡಾ, ಅಂದರೆ ಏಡಿ ಎನ್ನುತ್ತಿದ್ದರು. ಮೊದಲ ಕೆಲವನ್ನು ಕಟ್ಟಿದ್ದು ಸ್ವಿಟ್ಜರ್ಲೆಂಡಿನ ವಿಂಟರ್‌ಥೂರಿನ ಎಸ್‌ಎಲ್‌ಎಂ. ಸ್ವಿಸ್ ಮೊಸಳೆಯನ್ನು ಕಟ್ಟಿದ ಕಾರ್ಖಾನೆಯೇ ಅದು. ಸರ್ ಲೆಸ್ಲಿ ವಿಲ್ಸನ್ ಎಂಬ ಹೆಸರಿನ ಒಂದು ಡಬ್ಲ್ಯುಸಿಜಿ-1 ದೆಹಲಿಯ ರಾಷ್ಟ್ರೀಯ ರೈಲು ವಸ್ತುಸಂಗ್ರಹಾಲಯದಲ್ಲಿದೆ. ದೆಹಲಿಗೆ ಹೋದವರು ಬಿಡಬೇಡಿ.

ಬೇರೆ ಯಾವ ಎಂಜಿನ್‌ಗಳು, ಯಾವ ಕಂಪನಿಗಳು?

ಮ್ಯಾರ್ಕ್ಲಿನ್ ಬಿಟ್ಟರೆ ನ್ಯೂರೆಂಬರ್ಗಿನ ಬಿಂಗ್, ಇಂಗ್ಲೆಂಡಿನ ಬ್ಯಾಸೆಟ್-ಲೋಕ್ ಮತ್ತು ಹಾರ್ನ್‌ಬಿ, ಸ್ವಿಟ್ಜರ್ಲೆಂಡಿನ ಬುಕೊ ಮತ್ತು ಹ್ಯಾಗ್, ಫ್ರಾನ್ಸಿನ ಜೆಪ್ ಹಳೆಯ ಹೆಸರುಗಳು. ಹಾರ್ನ್‌ಬಿಯ ಮೊದಲ ಎಲೆಕ್ಟ್ರಿಕ್ ರೈಲು 1925ರ ಮೆಟ್ರೊಪಾಲಿಟನ್. ಅದರ ಕಥೆ ಕೆಳಗೆ ಕರೆಂಟಿನ ಪ್ರಶ್ನೆಯಲ್ಲಿ ಬರುತ್ತದೆ.

ಅಮೆರಿಕದ್ದು ಬೇಕಾದರೆ ಲಯನೆಲ್. ಸ್ಟ್ಯಾಂಡರ್ಡ್ ಗೇಜಿನ 381ಇ, 408ಇ ಎರಡೂ ದೊಡ್ಡ ತಗಡಿನ ಎಲೆಕ್ಟ್ರಿಕ್‌ಗಳು. ಯುದ್ಧದ ನಂತರ 1947ರಲ್ಲಿ ಲಯನೆಲ್ ಜಿಜಿ1 ಎಂಜಿನ್ನನ್ನು 2332 ನಂಬರಿನಲ್ಲಿ ತಂದಿತು. ಪೆನ್ಸಿಲ್ವೇನಿಯಾ ರೈಲ್‌ರೋಡಿನ ಅಸಲಿ ಜಿಜಿ1 ಎಂಜಿನ್‌ಗಳು 1934ರಿಂದ 1943ರ ತನಕ 139 ಬಂದವು. ಅದರ ನಯವಾದ, ವೆಲ್ಡ್ ಮಾಡಿದ ಮೈಯ ಹಿಂದೆ ವಿನ್ಯಾಸಕಾರ ರೇಮಂಡ್ ಲೋವಿಯ ಕೈವಾಡವಿದೆ.

ಹಿತ್ತಾಳೆ ಕೆಲಸ ಇಷ್ಟವಾದವರಿಗೆ ಸ್ವಿಟ್ಜರ್ಲೆಂಡಿನ ಫುಲ್ಗುರೆಕ್ಸ್ ಮತ್ತು ಲೆಮಾಕೊ. ಇವರು ಒಂದೊಂದು ಮಾದರಿಯನ್ನೂ ಸ್ವಲ್ಪವೇ ಸಂಖ್ಯೆಯಲ್ಲಿ ಮಾಡಿಸಿ ಮಾರಿದವರು. ಜಿ ಅಳತೆಗೆ ಎಲ್‌ಜಿಬಿ. ನ್ಯೂರೆಂಬರ್ಗಿನ ಲೆಹ್ಮನ್ ಕಂಪನಿ 1968ರಲ್ಲಿ ಶುರು ಮಾಡಿದ್ದು, 2007ರಲ್ಲಿ ಮ್ಯಾರ್ಕ್ಲಿನ್ ಕೈಗೆ ಬಂತು.

ಮಾರುವವರೆಲ್ಲ ಅಪರೂಪ ಎನ್ನುತ್ತಾರೆ. ನಾನು ಹೇಗೆ ತೀರ್ಮಾನಿಸಲಿ?

ಹಳೆಯದ್ದೆಲ್ಲ ಅಪರೂಪ ಅಲ್ಲ. ಸರ್ಟಿಫಿಕೇಟ್ ಇರುವುದೆಲ್ಲವೂ ಅಲ್ಲ. ನಾನು ಮೂರು ವಿಷಯ ನೋಡುತ್ತೇನೆ: ಎಷ್ಟು ಮಾಡಿದ್ದರು, ಅದರಲ್ಲಿ ಎಷ್ಟು ಉಳಿದಿರಬಹುದು, ಉಳಿದದ್ದು ಎಷ್ಟು ಅಸಲಿಯಾಗಿದೆ. ಮೂರನೆಯದು ಎಲ್ಲಕ್ಕಿಂತ ಮುಖ್ಯ. ಫ್ಯಾಕ್ಟರಿಯ ಬಣ್ಣ, ಫ್ಯಾಕ್ಟರಿಯ ಚಕ್ರ, ಪ್ಯಾಂಟೋಗ್ರಾಫ್, ಆಗಿನದೇ ಡಬ್ಬ ಇದ್ದು ಅಲ್ಲಲ್ಲಿ ಬಣ್ಣ ಕಿತ್ತಿರುವ ಎಂಜಿನ್ ಒಂದು ಕಡೆ. ಹೊಸ ಬಣ್ಣ ಹೊಡೆದು ಥಳಥಳ ಮಾಡಿದ ಎಂಜಿನ್ ಇನ್ನೊಂದು ಕಡೆ. ತಿಳಿದವರು ಯಾವಾಗಲೂ ಮೊದಲನೆಯದನ್ನೇ ಎತ್ತಿಕೊಳ್ಳುತ್ತಾರೆ.

ಹಳೆಯ ಪೆಟ್ಟಿಗೆಯನ್ನು ಬಿಸಾಡಬೇಡಿ ಎಂದು ಎಲ್ಲರಿಗೂ ಹೇಳುತ್ತೇನೆ. ನಮ್ಮಲ್ಲಿ ರಟ್ಟಿನ ಡಬ್ಬ ಒದ್ದೆಯಾದರೆ ಮೊದಲು ಹೋಗುವುದು ಅದೇ. ಆದರೆ ನಂಬರ್ ಚೀಟಿ ಇರುವ ಒಂದು ಅಂಚು ಉಳಿದರೂ ಅದಕ್ಕೆ ಬೆಲೆ ಇದೆ.

ಮೊದಲ ಎಂಜಿನ್ ಯಾವುದು ಕೊಳ್ಳಲಿ?

ಎಲ್‌ಜಿಬಿಯ ಸ್ವಿಸ್ ರೇಷಿಯನ್ ರೈಲ್ವೆ ಮೊಸಳೆ. ಅಸಲಿ ಜಿಇ 6/6 I ಮೀಟರ್ ಗೇಜಿನದ್ದು, 1921ರಿಂದ 1929ರ ಒಳಗೆ 15 ಮಾತ್ರ ಮಾಡಿದ್ದರು. ಮಾಡೆಲ್ ಅಷ್ಟು ಅಪರೂಪ ಅಲ್ಲ, ಆದರೆ ಗಟ್ಟಿ. ಪ್ಲಾಸ್ಟಿಕ್ ಮೈ ಇರುವುದರಿಂದ ತುಕ್ಕಿನ ಭಯ ಕಡಿಮೆ, ಬಿಡಿಭಾಗ ಸಿಗುತ್ತದೆ. ಇದರ ಮೇಲೆ ಒಂದು ಮಳೆಗಾಲ ಕಳೆಯಿರಿ. ನಿಮ್ಮ ಕಪಾಟು ಎಷ್ಟು ಒಣಗಿರುತ್ತದೆ, ನಿಮಗೆ ಎಷ್ಟು ತಾಳ್ಮೆ ಇದೆ ಎರಡೂ ಗೊತ್ತಾಗುತ್ತದೆ. ಆಮೇಲೆ ತಗಡು, ಹಿತ್ತಾಳೆಗೆ ಹೋಗಬಹುದು.

ಎಲ್ಲಿಂದ ಕೊಳ್ಳುವುದು? ಕಸ್ಟಮ್ಸ್ ಎಷ್ಟಾಗುತ್ತದೆ?

ಹೆಚ್ಚಿನವು ಜರ್ಮನಿ, ಸ್ವಿಟ್ಜರ್ಲೆಂಡ್, ಇಂಗ್ಲೆಂಡ್, ಅಮೆರಿಕದ ಹರಾಜುಗಳಲ್ಲಿ ಬರುತ್ತವೆ. ಹರಾಜಿನಲ್ಲಿ ಕೂಗಿದ ಬೆಲೆಯ ಮೇಲೆ ಖರೀದಿದಾರನ ಕಮಿಷನ್ ಬೇರೆ ಕೊಡಬೇಕು. ಪ್ಯಾಕಿಂಗ್, ಸಾಗಾಟ, ವಿಮೆ ಬೇರೆ. ಇವನ್ನೆಲ್ಲ ಕೂಡಿಸಿ, ಅದರ ಮೇಲೆ ಕಸ್ಟಮ್ಸ್ ಲೆಕ್ಕ ಹಾಕಿ, ಆಮೇಲೆ ಕೂಗಿ.

ನಮ್ಮ ಕಸ್ಟಮ್ಸ್ ಪಟ್ಟಿಯಲ್ಲಿ ಆಟಿಕೆಗಳೂ ಸಂಗ್ರಹದ ಸ್ಕೇಲ್ ಮಾಡೆಲ್‌ಗಳೂ ಒಂದೇ 9503 ಶೀರ್ಷಿಕೆಯಲ್ಲಿ ಬರುತ್ತವೆ. ಆಟಿಕೆಗಳ ಮೇಲಿನ ಮೂಲ ಸುಂಕ 2020ರಲ್ಲಿ ಶೇ. 20ರಿಂದ 60ಕ್ಕೆ ಏರಿತು, 2023ರಲ್ಲಿ ಶೇ. 70 ಆಯಿತು. 2021ರ ಜನವರಿ 1ರಿಂದ ಮಕ್ಕಳ ಆಟಿಕೆಗಳಿಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತೂ ಕಡ್ಡಾಯ. ಹಣ ಕಳಿಸುವ ಮೊದಲು ಮಂಗಳೂರಿನ ಅಥವಾ ಕೊಚ್ಚಿಯ ಕಸ್ಟಮ್ಸ್ ಏಜೆಂಟ್ ಒಬ್ಬರ ಹತ್ತಿರ ಆ ದಿನದ ದರ ಮತ್ತು ನಿಯಮ ಕೇಳಿಕೊಳ್ಳಿ. ಬಿಲ್ಲಿನಲ್ಲಿ ಕಂಪನಿ, ನಂಬರ್, ತಯಾರಾದ ವರ್ಷ, ವಯಸ್ಕರ ಸಂಗ್ರಹದ ಮಾಡೆಲ್ ಎಂಬ ವಿವರ, ಕೊಟ್ಟ ನಿಜವಾದ ಬೆಲೆ ಇರಲಿ. ಬೆಲೆ ಕಡಿಮೆ ಬರೆಸುವುದು ಬೇಡ. ಅದು ಅಪರಾಧ. ದಾರಿಯಲ್ಲಿ ಒಡೆದರೆ ವಿಮೆಯೂ ಆ ಕಡಿಮೆ ಬೆಲೆಗೇ ಸಿಗುತ್ತದೆ.

ಗಲ್ಫಿನಲ್ಲಿರುವ ಭಾವನ ಕೈಯಲ್ಲಿ ತರಿಸಬಹುದಾ?

ತರಿಸಬಹುದು. ಕಾಸರಗೋಡಿನವರು ಮಂಗಳೂರು ಅಥವಾ ಕಣ್ಣೂರು ವಿಮಾನ ನಿಲ್ದಾಣದಲ್ಲಿ ಇಳಿಯುತ್ತಾರೆ. ಬ್ಯಾಗೇಜಿನ ಸುಂಕರಹಿತ ಮಿತಿ ದಾಟಿದರೆ ಕೆಂಪು ಚಾನಲ್‌ನಲ್ಲಿ ಹೋಗಿ ತಾವೇ ಹೇಳಿ ಸುಂಕ ಕಟ್ಟಲಿ, ಬಿಲ್ಲು ಕೈಯಲ್ಲಿರಲಿ. ಎಂಜಿನ್ ಕೈಚೀಲದಲ್ಲೇ ಬರಬೇಕು. ಕೆಳಗೆ ಹಾಕುವ ಸೂಟ್‌ಕೇಸಿನಲ್ಲಿ ಬಂದರೆ ಪ್ಯಾಂಟೋಗ್ರಾಫ್ ಉಳಿಯುವುದು ಕಷ್ಟ. ಇನ್ನೊಂದು, ಭಾವನಿಗೆ ಅದರ ಬೆಲೆ ಸರಿಯಾಗಿ ತಿಳಿಸಿ. ಗೊತ್ತಿದ್ದರೆ ಜೋಪಾನವಾಗಿ ತರುತ್ತಾರೆ.

ಅಸಲಿಯೋ ನಕಲಿಯೋ ಹೇಗೆ ಗೊತ್ತಾಗುತ್ತದೆ?

ನಕಲು ಎಂದರೆ ಎಲ್ಲವೂ ಮೋಸ ಅಲ್ಲ. ಅಮೆರಿಕದ ಎಂಟಿಎಚ್ ಕಂಪನಿ ಲಯನೆಲ್‌ನ ಹಳೆಯ ತಗಡಿನ ಎಂಜಿನ್‌ಗಳನ್ನು ಮತ್ತೆ ಮಾಡಿ, ಹೊಸದು ಎಂದು ಹೇಳಿಯೇ ಮಾರಿತು. ತೊಂದರೆ ಬರುವುದು ಅದೇ ಎಂಜಿನ್ ಕೈಯಿಂದ ಕೈಗೆ ಹೋಗಿ ಹಳೆಯದು ಎಂದು ಮಾರಾಟವಾದಾಗ.

ಮೊದಲು ಎಂಜಿನ್ನನ್ನು ತಲೆಕೆಳಗೆ ಮಾಡಿ. ಸ್ಕ್ರೂಗಳನ್ನು ನೋಡಿ. 1930ಕ್ಕೆ ಮೊದಲಿನ ಎಂಜಿನ್‌ನಲ್ಲಿ ಪ್ಲಸ್ ತಲೆಯ ಸ್ಕ್ರೂ ಇರಲು ಸಾಧ್ಯವಿಲ್ಲ, ಅದು ಆಮೇಲೆ ಬಂದದ್ದು. ಒಂದೇ ಗೀರಿನ ಸ್ಕ್ರೂ ಇದ್ದರೂ ಅದರ ಅಂಚು ಹರಿದಿದ್ದರೆ ಯಾರೋ ಬಿಚ್ಚಿದ್ದಾರೆ ಅಂತಲೇ. ಆಮೇಲೆ ಒಂದು ಮ್ಯಾಗ್ನೆಟ್ ತಾಗಿಸಿ. ತಗಡು ಎಳೆಯುತ್ತದೆ, ಹಿತ್ತಾಳೆ ಎಳೆಯುವುದಿಲ್ಲ. ಕತ್ತಲೆ ಕೋಣೆಯಲ್ಲಿ ನೋಟು ನೋಡುವ ಯುವಿ ಟಾರ್ಚ್ ಹಾಕಿ. ನಡುವೆ ಎಲ್ಲೋ ಹೊಸ ಬಣ್ಣ ತೇಪೆ ಹಾಕಿದ್ದರೆ ಅಷ್ಟು ಜಾಗ ಬೇರೆ ರೀತಿ ಹೊಳೆಯುತ್ತದೆ. ಕಡೆಗೆ ಸವೆತ ನೋಡಿ. ಚಕ್ರ ಸವೆದಿದೆ, ಕರೆಂಟು ಎತ್ತುವ ಶೂ ಮಾತ್ರ ಹೊಸದು ಎಂದರೆ ಯಾಕೆ ಎಂದು ಕೇಳಬೇಕು.

ದೂರದ ಮಾರಾಟಗಾರರ ಹತ್ತಿರ ಅಡಿಭಾಗದ ಫೋಟೊ ಕೇಳಿ. ಕೊಡದವರ ಹತ್ತಿರ ಕೊಳ್ಳಬೇಡಿ.

ಬಣ್ಣ ಹೋಗಿದೆ. ಹೊಸದಾಗಿ ಹೊಡೆಸಲಾ?

ಬೇಡ. ಹೋದದ್ದು ಹೋಯಿತು, ಉಳಿದದ್ದನ್ನು ಉಳಿಸಿ. ತುಕ್ಕು ಹರಡುತ್ತಿದ್ದರೆ ಅಷ್ಟನ್ನು ಮಾತ್ರ ಮೆಲ್ಲಗೆ ತೆಗೆದು ಮೇಲೆ ತೆಳುವಾಗಿ ಮೈಕ್ರೋಕ್ರಿಸ್ಟಲೈನ್ ಮೇಣ ಹಚ್ಚಿ. ಮ್ಯೂಸಿಯಮ್ಮಿನವರು ಬಳಸುವುದೂ ಅದನ್ನೇ. ಬೇಡವಾದರೆ ನಾಳೆ ತೆಗೆಯಲೂ ಆಗುತ್ತದೆ.

ನಮ್ಮ ಮಳೆಗಾಲದಲ್ಲಿ ಇವನ್ನು ಹೇಗೆ ಕಾಪಾಡುವುದು?

ವರ್ಷಕ್ಕೆ 3000 ಮಿಲಿಮೀಟರಿಗೂ ಜಾಸ್ತಿ ಮಳೆ ಬರುವ ಊರು ನಮ್ಮದು. ಆಟಿ ತಿಂಗಳಲ್ಲಿ ಗೋಡೆಯೇ ಬೆವರುತ್ತದೆ, ಚಪ್ಪಲಿಗೆ ಬೂಷ್ಟು ಹಿಡಿಯುತ್ತದೆ. ಸಮುದ್ರದ ಹತ್ತಿರ ಇದ್ದರೆ ಗಾಳಿಯಲ್ಲಿ ಉಪ್ಪೂ ಇರುತ್ತದೆ. ಹಳೆಯ ಮಾಡೆಲ್ ಎಂದರೆ ತವರ ಲೇಪಿಸಿದ ಕಬ್ಬಿಣದ ತಗಡು. ಲೇಪನ ಗೀರಿದ ಕಡೆ ತೇವ ಕೂತರೆ ತುಕ್ಕು ಬಣ್ಣದ ಅಡಿಯಿಂದಲೇ ಹೊರಡುತ್ತದೆ. ಮೇಲಿನಿಂದ ಸಣ್ಣ ಗುಳ್ಳೆ ಕಾಣುವ ಹೊತ್ತಿಗೆ ಒಳಗೆ ಸಾಕಷ್ಟು ತಿಂದಿರುತ್ತದೆ.

ಮೊದಲು ಒಂದು ಹೈಗ್ರೋಮೀಟರ್ ತನ್ನಿ, ಗಾಳಿಯ ತೇವ ಅಳೆಯುವ ಸಣ್ಣ ಡಿಜಿಟಲ್ ಯಂತ್ರ. ಕಪಾಟಿನ ಒಳಗೆ ಇಡಿ. ತೇವ 45ರಿಂದ 50 ಶೇಕಡಾ ಇರಬೇಕು. ಮಳೆಗಾಲದಲ್ಲಿ ಹೊರಗೆ 90 ದಾಟುತ್ತದೆ.

ಸುಲಭದ ದಾರಿ ಕ್ಯಾಮೆರಾದವರು ಬಳಸುವ ಎಲೆಕ್ಟ್ರಾನಿಕ್ ಡ್ರೈ ಕ್ಯಾಬಿನೆಟ್. ಖರ್ಚಿದೆ, ಆದರೆ ಒಂದು ಒಳ್ಳೆಯ ತಗಡಿನ ಎಂಜಿನ್‌ನ ಮುಂದೆ ಅದು ದೊಡ್ಡ ಮೊತ್ತ ಅಲ್ಲ. ಕೊಳ್ಳುವಾಗ ಒಳಗಿನ ಉದ್ದ ಅಳೆಯಿರಿ. ಕ್ಯಾಮೆರಾಗೆ ಮಾಡಿದ್ದರಲ್ಲಿ 60 ಸೆಂ.ಮೀ. ಎಂಜಿನ್ ಓರೆಯಾಗಿಯೂ ಹಿಡಿಸದೆ ಇರಬಹುದು.

ಅದು ಆಗದಿದ್ದರೆ ರಬ್ಬರ್ ಬೀಡಿಂಗ್ ಇರುವ, ಬಾಗಿಲು ಬಿಗಿಯಾಗಿ ಮುಚ್ಚುವ ಗಾಜಿನ ಕಪಾಟು, ಒಳಗೆ ಸಿಲಿಕಾ ಜೆಲ್. ಬಣ್ಣ ಬದಲಾಗುವ ಜೆಲ್ ತನ್ನಿ. ನೀಲಿ ಗುಲಾಬಿಯಾದರೆ ತೇವ ತುಂಬಿದೆ ಎಂದರ್ಥ. ನೀಲಿಯಲ್ಲಿ ಕೋಬಾಲ್ಟ್ ಇರುತ್ತದೆ, ಮಕ್ಕಳಿರುವ ಮನೆಯಲ್ಲಿ ಕಿತ್ತಳೆ ಬಣ್ಣದ್ದೇ ಲೇಸು. ಸುಮಾರು 120 ಡಿಗ್ರಿ ಶಾಖದಲ್ಲಿ ಒಣಗಿಸಿದರೆ ಮತ್ತೆ ಕೆಲಸಕ್ಕೆ ಬರುತ್ತದೆ. ಒಣಗಿಸುವ ಪಾತ್ರೆ ಅದಕ್ಕೇ ಮೀಸಲಿರಲಿ, ಅಡುಗೆಯದ್ದು ಬೇಡ. ಜೂನ್‌ನಿಂದ ಸೆಪ್ಟೆಂಬರ್ ತನಕ ವಾರಕ್ಕೊಮ್ಮೆ ನೋಡಲೇಬೇಕು.

ಕಪಾಟನ್ನು ಹೊರಗೋಡೆಗೆ ತಾಗಿಸಿ ಇಡಬೇಡಿ. ಹೊಸ ಪ್ಲೈವುಡ್ಡಿನಿಂದ ಆಮ್ಲದ ಆವಿ ಬರುತ್ತದೆ, ಸತು ಮತ್ತು ಸೀಸಕ್ಕೆ ಅದು ಆಗುವುದಿಲ್ಲ. ಗಾಜು ಮತ್ತು ಪೌಡರ್ ಕೋಟಿಂಗ್ ಮಾಡಿದ ಉಕ್ಕಿನದ್ದು ಒಳ್ಳೆಯದು. ಬಟ್ಟೆ ಬೀರುವಿಗೆ ಹಾಕುವ ನ್ಯಾಫ್ತಲೀನ್ ಗುಳಿಗೆ ಬೇಡವೇ ಬೇಡ. ಅದರ ಆವಿ ಕೆಲವು ಪ್ಲಾಸ್ಟಿಕ್‌ಗಳನ್ನು ಮೆತ್ತಗೆ ಮಾಡುತ್ತದೆ. ಬರಿಗೈಯಲ್ಲಿ ಮುಟ್ಟಬೇಡಿ, ಬೆವರಿನ ಉಪ್ಪು ಬೆರಳಚ್ಚಿನ ಆಕಾರದಲ್ಲೇ ತುಕ್ಕು ಹಿಡಿಸುತ್ತದೆ. ನೈಟ್ರೈಲ್ ಗ್ಲೌಸ್ ಹಾಕಿದರೆ ಹಿಡಿತವೂ ಜಾರುವುದಿಲ್ಲ.

ಡಬ್ಬಗಳಿಗೆ ಗೆದ್ದಲು, ಬೆಳ್ಳಿಮೀನು ಹುಳದ ಕಾಟ. ಅವನ್ನು ನೆಲದಲ್ಲಿ ಇಡಬೇಡಿ, ಹಂಚಿನ ಮಾಡಿನ ಅಟ್ಟದಲ್ಲಂತೂ ಬೇಡ.

ಚಕ್ರದಲ್ಲಿ ಬಿರುಕು ಬಿಟ್ಟಿದೆ, ಬಿದ್ದದ್ದಲ್ಲ. ಏನಾಗಿದೆ?

ಸತುವಿನ ಕಾಯಿಲೆ ಇರಬೇಕು. 1920, 30ರ ಕಾಲದಲ್ಲಿ ಚಕ್ರ, ಬೋಗಿ ಚೌಕಟ್ಟು ಮುಂತಾದವನ್ನು ಸತುವಿನ ಮಿಶ್ರಲೋಹದಲ್ಲಿ ಎರಕ ಹೊಯ್ಯುತ್ತಿದ್ದರು. ಅದರಲ್ಲಿ ಸ್ವಲ್ಪ ಸೀಸವೋ ತವರವೋ ಕ್ಯಾಡ್ಮಿಯಮ್ಮೋ ಬೆರೆತು ಕೊಳೆಯಾಗಿದ್ದರೆ ವರ್ಷಗಳ ಮೇಲೆ ಲೋಹದ ಕಣಗಳ ನಡುವೆ ತುಕ್ಕು ಹೊಕ್ಕು ಎರಕ ಉಬ್ಬುತ್ತದೆ. ಆಮೇಲೆ ಬಿರುಕು. ಕೊನೆಗೆ ಹಪ್ಪಳದ ಹಾಗೆ ಕೈಯಲ್ಲೇ ಪುಡಿಯಾಗುತ್ತದೆ.

ಇದಕ್ಕೆ ಮದ್ದಿಲ್ಲ. ಒಂದು ಎಂಜಿನ್‌ನಿಂದ ಇನ್ನೊಂದಕ್ಕೆ ಅಂಟುತ್ತದೆ ಎಂದು ಕೆಲವರು ಹೆದರುತ್ತಾರೆ, ಹಾಗಿಲ್ಲ. ದೋಷ ಎರಕದ ಒಳಗೇ ಇದೆ. ಆದರೆ ಬಿಸಿಯೂ ತೇವವೂ ಸೇರಿದರೆ ಬೇಗ ಹಬ್ಬುತ್ತದೆ. ನಮ್ಮಲ್ಲಿ ಎರಡೂ ಧಾರಾಳ. ಒಣಗಿದ ಜಾಗದಲ್ಲಿಟ್ಟು, ಓಡಿಸುವುದನ್ನು ನಿಲ್ಲಿಸಿ, ಬದಲಿ ಚಕ್ರ ಹುಡುಕಿ. ಹಳೆಯ ಚಕ್ರವನ್ನು ಚೀಟಿ ಬರೆದು ಡಬ್ಬದಲ್ಲೇ ಇಡಿ. ಯುದ್ಧಪೂರ್ವದ ಎಂಜಿನ್ ಕೊಳ್ಳುವ ಮೊದಲು ಚಕ್ರಗಳ ಹತ್ತಿರದ ಫೋಟೊ ಕೇಳಬೇಕಾದದ್ದು ಇದಕ್ಕೇ.

ಹಿತ್ತಾಳೆ ಎಂಜಿನ್ ಅದರದೇ ಪೆಟ್ಟಿಗೆಯ ಫೋಮ್‌ನಲ್ಲಿದೆ. ಹಾಗೇ ಇರಲಾ?

ಇವತ್ತೇ ತೆಗೆಯಿರಿ. 70, 80ರ ದಶಕದ ಆ ಫೋಮ್ ತೇವಕ್ಕೆ ಕರಗಿ ಅಂಟಾಗಿ ಬಣ್ಣಕ್ಕೆ ಹಿಡಿದುಕೊಳ್ಳುತ್ತದೆ. ಬಿಡಿಸುವಾಗ ಬಣ್ಣವೂ ಕೂಡ ಬರುತ್ತದೆ. ಪೆಟ್ಟಿಗೆ ಇಟ್ಟುಕೊಳ್ಳಿ, ಒಳಗೆ ಆಮ್ಲರಹಿತ ಟಿಶ್ಯೂ ಕಾಗದ ಮತ್ತು ಬಿಳಿ ಪಾಲಿಎಥಿಲೀನ್ ಫೋಮ್ ಹಾಕಿಸಿ.

ಅಣ್ಣಾ, ಇದು ಓಡ್ತದಾ? ಕರೆಂಟು ಕೊಟ್ಟು ನೋಡಬಹುದಾ?

ಮನೆಗೆ ಬಂದವರೆಲ್ಲ ಮೊದಲು ಕೇಳುವುದು ಇದನ್ನೇ. ಓಡಿಸಲೇಬೇಕು ಎಂದು ನಂಬುವವನು ನಾನು. ಆದರೆ ಹಳೆಯ ಎಂಜಿನ್ನನ್ನು ಗೊತ್ತಿಲ್ಲದೆ ಪ್ಲಗ್ಗಿಗೆ ಸಿಕ್ಕಿಸಬಾರದು. ಜೀವದ ಪ್ರಶ್ನೆ.

1925ರ ಹಾರ್ನ್‌ಬಿ ಮೆಟ್ರೊಪಾಲಿಟನ್ ಮನೆಯ ಮೇನ್ಸ್ ಕರೆಂಟಿನಿಂದಲೇ ಓಡುತ್ತಿತ್ತು. ನಡುವೆ ಒಂದು ಬಲ್ಬ್ ಹಾಕಿ ಕರೆಂಟು ತಗ್ಗಿಸುತ್ತಿದ್ದರು, ಅಷ್ಟೇ. ಹಳಿಯನ್ನು ಮುಟ್ಟಿದ ಮಗುವಿಗೆ ಶಾಕ್ ಹೊಡೆಯುವ ವ್ಯವಸ್ಥೆ. ಮ್ಯಾರ್ಕ್ಲಿನ್‌ನ ಹಳೆಯ ರೈಲುಗಳಲ್ಲೂ ಇದೇ ತರದವು ಇದ್ದವು. 1926ರಲ್ಲಿ ಅವರು ಟ್ರಾನ್ಸ್‌ಫಾರ್ಮರಿನ 20 ವೋಲ್ಟ್ ಪದ್ಧತಿ ತಂದರು. ಈ ಮೇನ್ಸ್ ಎಂಜಿನ್‌ಗಳನ್ನು 230 ವೋಲ್ಟಿಗೆ ಯಾವತ್ತೂ ಜೋಡಿಸಬೇಡಿ. ಹಾಗೇ ಕಪಾಟಿನಲ್ಲಿ ನೋಡಲು ಇರಲಿ.

ಕಡಿಮೆ ವೋಲ್ಟಿನವನ್ನು ಓಡಿಸಬಹುದು. ಯುದ್ಧಪೂರ್ವದ 20 ವೋಲ್ಟಿನ ಮ್ಯಾರ್ಕ್ಲಿನ್ ಮೂರು ಹಳಿಯ ಎಸಿ. ಲಯನೆಲ್ ಕೂಡ ಎಸಿ. ಎಲ್‌ಜಿಬಿ ಎರಡು ಹಳಿಯ ಡಿಸಿ, 24 ವೋಲ್ಟ್ ಒಳಗೆ. ಎಂಜಿನ್ ಜೊತೆ ಬಂದ ಹಳೆಯ ಟ್ರಾನ್ಸ್‌ಫಾರ್ಮರ್ ಬಳಸಬೇಡಿ, ಅದರ ವಯರಿನ ಬಟ್ಟೆಯ ಹೊದಿಕೆ ಪುಡಿಯಾಗಿರುತ್ತದೆ. ಅಮೆರಿಕದ ಟ್ರಾನ್ಸ್‌ಫಾರ್ಮರ್ ಆದರೆ ಅದು 120 ವೋಲ್ಟ್, 60 ಹರ್ಟ್ಸಿನದ್ದು. ನಮ್ಮದು 230 ವೋಲ್ಟ್, 50 ಹರ್ಟ್ಸ್. ವೋಲ್ಟ್ ಇಳಿಸಿಕೊಂಡರೂ 50 ಹರ್ಟ್ಸಿಗೆ ಅದು ಜಾಸ್ತಿ ಬಿಸಿಯಾಗುತ್ತದೆ. ನಮ್ಮ ಕರೆಂಟಿಗೆ ಮಾಡಿದ, ಫ್ಯೂಸ್ ಇರುವ ಹೊಸದನ್ನೇ ತೆಗೆದುಕೊಳ್ಳಿ.

ಓಡಿಸುವ ಮೊದಲು ಮೋಟಾರು ನೋಡಿ. ಹಳೆಯ ಗ್ರೀಸ್ ಗಟ್ಟಿಯಾಗಿರುತ್ತದೆ. ಅದನ್ನು ತೆಗೆದು, ಕಮ್ಯುಟೇಟರ್ (ಮೋಟಾರಿನಲ್ಲಿ ಬ್ರಶ್ ತಾಗುವ ತಾಮ್ರದ ಭಾಗ) ಮೇಲಿನ ಕಪ್ಪನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಹತ್ತಿಯಿಂದ ಒರೆಸಿ, ಬೇರಿಂಗಿಗೆ ಹೊಲಿಗೆ ಮೆಷಿನ್ ಎಣ್ಣೆ ಒಂದೊಂದು ಹನಿ ಸಾಕು. ತೆಂಗಿನೆಣ್ಣೆ ಕೈಗೆ ಸಿಗುತ್ತದೆ ಎಂದು ಹಾಕಬೇಡಿ, ಬರಬರುತ್ತಾ ಅಂಟಾಗುತ್ತದೆ. ಚಕ್ರ ಕೈಯಿಂದ ಸಲೀಸಾಗಿ ತಿರುಗಿದ ಮೇಲೆ ಕಡಿಮೆ ವೋಲ್ಟಿನಲ್ಲಿ ಶುರು ಮಾಡಿ. ಸ್ವಲ್ಪ ಓಝೋನ್ ವಾಸನೆ, ಸಣ್ಣ ಕಿಡಿ ಹಳೆಯ ಮೋಟಾರಿನಲ್ಲಿ ಸಹಜ. ಸುಟ್ಟ ವಾಸನೆ ಬಂದರೆ ತಕ್ಷಣ ಆಫ್ ಮಾಡಿ.

ಏಪ್ರಿಲ್, ಮೇ ಮತ್ತು ತುಲಾಮಳೆಯ ಹೊತ್ತಿಗೆ ಗುಡುಗು ಕೇಳಿದರೆ ಪ್ಲಗ್ ಕಿತ್ತಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು.

ಡಿಜಿಟಲ್ ಮಾಡಿಸಲಾ?

ಹೊಸ ಎಂಜಿನ್ ಆದರೆ ನಿಮ್ಮ ಇಷ್ಟ. ಹಳೆಯದರ ಒಳಗೆ ಡಿಕೋಡರ್ (ಡಿಜಿಟಲ್ ಆದೇಶ ಓದಿ ಮೋಟಾರು ನಡೆಸುವ ಸಣ್ಣ ಸರ್ಕ್ಯೂಟ್) ಕೂರಿಸಲು ವಯರು ಕತ್ತರಿಸಬೇಕು, ತೂತು ಕೊರೆಯಬೇಕು. ಅದನ್ನು ಮಾತ್ರ ಮಾಡಬೇಡಿ.

ಅಡಿಕೆ ತೋಟದಲ್ಲಿ ಹಳಿ ಹಾಕಬಹುದಾ?

ಎಲ್‌ಜಿಬಿಯನ್ನು ಹೊರಗೆ ಓಡಿಸಲೆಂದೇ ಮಾಡಿದ್ದು, ಹಿತ್ತಾಳೆ ಹಳಿ ಮಳೆಗೆ ಕೆಡುವುದಿಲ್ಲ. ಆದರೆ ತೋಟದಲ್ಲಿ ಸೋಗೆ ಬೀಳುತ್ತದೆ, ಬೋರ್ಡೋ ದ್ರಾವಣ ಸಿಂಪಡಿಸುವಾಗ ಅದು ಹಳಿಗೂ ಎಂಜಿನ್ನಿಗೂ ಬೀಳುತ್ತದೆ. ಅಂಗಳದ ಬದಿಯಲ್ಲಿ, ನೆಲದಿಂದ ಸ್ವಲ್ಪ ಎತ್ತರಿಸಿದ ಕಟ್ಟೆಯ ಮೇಲೆ ಹಾಕಿ. ನವೆಂಬರ್‌ನಿಂದ ಮೇ ತನಕ ಓಡಿಸಲು ಅಡ್ಡಿಯಿಲ್ಲ. ಅಪರೂಪದ ಎಂಜಿನ್ ಹೊರಗೆ ಬೇಡ. ಅದಕ್ಕೆ ಚಾವಡಿಯ ಒಳಗೆ ಒಂದು ಸುತ್ತು ಹಳಿ ಇರಲಿ.

ಭಾರತದ ಎಲೆಕ್ಟ್ರಿಕ್ ಎಂಜಿನ್‌ಗಳು ಈ ಅಳತೆಯಲ್ಲಿ ಸಿಗುತ್ತವಾ?

ಫ್ಯಾಕ್ಟರಿ ಮಾಡೆಲ್ ಸಿಗುವುದು ತೀರಾ ಕಷ್ಟ. ಕೈಯಿಂದ ಮಾಡಿಸಿಕೊಳ್ಳಬೇಕು. ಅಲ್ಲಿ ಹಳಿಯ ಲೆಕ್ಕ ಅಡ್ಡ ಬರುತ್ತದೆ. ನಮ್ಮ ಬ್ರಾಡ್‌ಗೇಜ್ 1676 ಮಿ.ಮೀ. ಅದನ್ನು 1:32ಕ್ಕೆ ಇಳಿಸಿದರೆ 52 ಮಿ.ಮೀ. ಬರುತ್ತದೆ, ಗೇಜ್ 1ರ ಹಳಿ ಇರುವುದು 45. ಹಾಗಾಗಿ ಎಂಜಿನ್ ಸರಿ ಇದ್ದರೂ ಕೆಳಗೆ ಹಳಿ ಇಕ್ಕಟ್ಟಾಗಿ ಕಾಣುತ್ತದೆ. ಮಾಡಿಸುವಾಗ ಅಗಲದ ಹಳಿಯನ್ನೂ ಮಾಡಿಸಿ, ಅಥವಾ ಈ ವ್ಯತ್ಯಾಸ ಒಪ್ಪಿಕೊಳ್ಳಿ.

ಮೀಟರ್ ಗೇಜ್ ಆದರೆ ತಲೆಬಿಸಿಯೇ ಇಲ್ಲ. 1000 ಮಿ.ಮೀ.ಯನ್ನು 1:22.5ಕ್ಕೆ ಇಳಿಸಿದರೆ ಹೆಚ್ಚು ಕಡಿಮೆ ಎಲ್‌ಜಿಬಿಯ ಹಳಿಯೇ. ನಮ್ಮ ದೇಶದಲ್ಲಿ ಮೀಟರ್ ಗೇಜ್ ಎಲೆಕ್ಟ್ರಿಕ್ ಇದ್ದದ್ದು ಮದ್ರಾಸಿನ ಕಡೆ ಮಾತ್ರ. ಬೀಚ್-ತಾಂಬರಂ ಮಾರ್ಗ 1931ರಲ್ಲಿ, ಆಮೇಲೆ 60ರ ದಶಕದಲ್ಲಿ ವಿಳ್ಳುಪುರಂ ತನಕ. ಅದಕ್ಕೆ ಜಪಾನಿನಿಂದ ಬಂದ ವೈಎಎಂ-1 ಎಂಜಿನ್‌ಗಳು 20. ಯಾರಾದರೂ ಒಂದು ಒಳ್ಳೆಯ ಮಾಡೆಲ್ ಮಾಡಿಸುವ ಮನಸ್ಸು ಮಾಡಿದರೆ ಇದನ್ನೇ ಆರಿಸಿ ಎಂದು ನಾನು ಒತ್ತಿ ಹೇಳುತ್ತೇನೆ. ಹಳಿ ಸಿದ್ಧ ಇದೆ, ಅಸಲಿ ಎಂಜಿನ್ ಚೆನ್ನೈಯ ರೈಲು ಮ್ಯೂಸಿಯಂನಲ್ಲಿದೆ. ಹೋಗಿ ಫೋಟೊ ತೆಗೆಯಬಹುದು.

ಮಕ್ಕಳಿಗೆ ಮುಟ್ಟಲು ಕೊಡಬಹುದಾ?

ಎಲ್‌ಜಿಬಿ ಕೊಡಿ. ಹಳೆಯ ತಗಡಿನ ಬಣ್ಣದಲ್ಲಿ ಸೀಸ ಇರುತ್ತದೆ, ಅದನ್ನು ದೂರದಿಂದ ತೋರಿಸಿ.

ಬೆಲೆ ಏರುತ್ತದಾ? ಇದರಲ್ಲಿ ದುಡ್ಡು ಹಾಕಬಹುದಾ?

ಲಾಭಕ್ಕೆಂದು ಬರಬೇಡಿ. ನಮ್ಮಲ್ಲಿ ಕೊಳ್ಳುವವರು ಬೆರಳೆಣಿಕೆ, ಮಾರಬೇಕಾದರೆ ಮತ್ತೆ ಹೊರದೇಶಕ್ಕೇ ಕಳಿಸಬೇಕು. ಕೊಟ್ಟ ಸುಂಕ ಯಾರೂ ವಾಪಸು ಕೊಡುವುದಿಲ್ಲ. ನೂರು ವರ್ಷ ದಾಟಿದ್ದಾದರೆ 1972ರ ಪ್ರಾಚೀನ ವಸ್ತುಗಳ ಕಾಯ್ದೆ ಅನ್ವಯಿಸುತ್ತದೆಯೇ ಎಂದು ಕಳಿಸುವ ಮೊದಲು ಪುರಾತತ್ವ ಇಲಾಖೆಯಲ್ಲಿ ಕೇಳಿ. ನೋಡಿದಾಗಲೆಲ್ಲ ಖುಷಿ ಕೊಡುವ ಎಂಜಿನ್ ಮಾತ್ರ ಕೊಳ್ಳಿ.

ಮನೆಯವರಿಗೆ ಇದರ ಬೆಲೆ ಗೊತ್ತಿಲ್ಲ. ನಾಳೆ ಏನಾಗುತ್ತದೆ?

ಒಂದು ನೋಟ್‌ಬುಕ್ ಮಾಡಿ. ಒಂದೊಂದು ಎಂಜಿನ್ನಿಗೆ ಒಂದು ಪುಟ. ಕಂಪನಿ, ನಂಬರ್, ಎಲ್ಲಿಂದ ಬಂತು, ಎಷ್ಟು ಕೊಟ್ಟದ್ದು, ಏನು ರಿಪೇರಿ ಮಾಡಿದ್ದು, ಎಷ್ಟು ವೋಲ್ಟು. ನಾಲ್ಕು ಕಡೆಯ ಮತ್ತು ಅಡಿಯ ಫೋಟೊ ಅಂಟಿಸಿ. ಕನ್ನಡದಲ್ಲೇ ಬರೆಯಿರಿ, ಮನೆಯಲ್ಲಿ ಎಲ್ಲರೂ ಓದುವಂತಿರಲಿ. ಮೇನ್ಸ್ ಕರೆಂಟಿನ ಎಂಜಿನ್‌ಗಳ ಪುಟದಲ್ಲಿ ಪ್ಲಗ್ಗಿಗೆ ಹಾಕಬಾರದು ಎಂದು ಕೆಂಪು ಶಾಯಿಯಲ್ಲಿ ಬರೆಯಿರಿ. ವಿಮೆ ಮಾಡಿಸಲೂ ಇದೇ ಪುಸ್ತಕ ಬೇಕಾಗುತ್ತದೆ.

ಕೊಳ್ಳುವ ಮೊದಲು ನೋಡಲು ಎಲ್ಲಿಗೆ ಹೋಗಬಹುದು?

ಅಸಲಿ ಎಂಜಿನ್‌ಗಳಿಗೆ ಚೆನ್ನೈ, ದೆಹಲಿ. ಮೈಸೂರಿನ ರೈಲ್ವೆ ಮ್ಯೂಸಿಯಂ ಹತ್ತಿರ, ಆದರೆ ಅಲ್ಲಿ ಜಾಸ್ತಿ ಸ್ಟೀಮ್. ಓಡುವ ಮಾಡೆಲ್ ನೋಡಲು ಪುಣೆಯ ಕೋಥ್ರೂಡಿನಲ್ಲಿರುವ ಜೋಶಿಯವರ ಮಿನಿಯೇಚರ್ ರೈಲ್ವೆ ಮ್ಯೂಸಿಯಂ ಚೆನ್ನಾಗಿದೆ. ಅಳತೆ ಸಣ್ಣದು, ಆದರೆ ಹಳಿ, ಸಿಗ್ನಲ್, ವಯರಿಂಗ್ ಕಲಿಯಲು ಒಳ್ಳೆಯ ಜಾಗ.

ಎಂಜಿನ್ನನ್ನು ರಿಪೇರಿಗೆ ಪಾರ್ಸೆಲ್ ಕಳಿಸುವಾಗ ಹೇಗೆ ಕಟ್ಟಬೇಕು?

ಪ್ಯಾಂಟೋಗ್ರಾಫ್ ಕೆಳಗೆ ಮಡಚಿ ಹತ್ತಿ ದಾರದಿಂದ ಸಡಿಲವಾಗಿ ಕಟ್ಟಿ, ರಬ್ಬರ್ ಬ್ಯಾಂಡ್ ಬೇಡ. ಮೈಗೆ ಆಮ್ಲರಹಿತ ಟಿಶ್ಯೂ ಸುತ್ತಿ, ಮೇಲೆ ಬಬಲ್ ಶೀಟ್, ಗುಳ್ಳೆಗಳು ಹೊರಗೆ ಬರುವ ಹಾಗೆ. ಒಳಗೆ ಬಂದರೆ ಬಣ್ಣದ ಮೇಲೆ ಉರುಟು ಗುರುತು ಉಳಿಯುತ್ತದೆ. ಬಫರ್‌ಗಳ ಮೇಲೆ ಭಾರ ಬೀಳದಂತೆ ಎರಡೂ ತುದಿಯಲ್ಲಿ ದಪ್ಪ ಫೋಮ್ ಇಡಿ. ಒಂದು ಡಬ್ಬ, ಅದರ ಹೊರಗೆ ಇನ್ನೊಂದು ಡಬ್ಬ, ನಡುವೆ ಎಲ್ಲ ಕಡೆ ನಾಲ್ಕು ಬೆರಳು ಜಾಗ ಬಿಟ್ಟು ತುಂಬಿಸಿ. ಒಳಡಬ್ಬಕ್ಕೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಪ್ಲಾಸ್ಟಿಕ್ ಸುತ್ತಿ ಟೇಪ್ ಹೊಡೆಯಿರಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಕಳಿಸುವುದೇ ಬೇಡ, ರಿಪೇರಿ ಅಕ್ಟೋಬರಿನಲ್ಲಿ ಮಾಡಿಸಿ.